ಮೋಡವನ್ನು ಕಡ ತರಬೇಡಿ: ಬನಶಂಕರಿ ಸೀಮೆಯ ಯುವ ಛಾಯಾಗ್ರಾಹಕರಿಗೆ ಬಹಿರಂಗ ಪತ್ರ

ಬಾದಾಮಿ, ಬನಶಂಕರಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲ, ಬಾಗಲಕೋಟೆಯ ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಹೋದ ಶ್ರಾವಣದಲ್ಲಿ ನಿಮ್ಮಲ್ಲೊಬ್ಬ ತಮ್ಮ ನಮ್ಮ ಮನೆಗೆ ಬಂದಿದ್ದ. ತಾನು ಮಾಡಿದ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ. ಬನಶಂಕರಿಯ ಹರಿದ್ರಾತೀರ್ಥದ ಹೊಂಡ, ಅದರ ಸುತ್ತಲಿನ ಕಲ್ಲುಕಂಬಗಳ ಸಾಲು, ದಂಡೆಯ ದೀಪಗೋಪುರ, ಅದರ ಬೆನ್ನಿಗೆ ಪದರಪದರವಾಗಿ ಇಳಿದುಬಂದ ದಟ್ಟ ಮೋಡ. ಕಣ್ಣು ಕೀಳಲಾಗದ ಚಿತ್ರ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಜೋಳ ಹಸನ ಮಾಡುತ್ತಿದ್ದರು. ಅವರಿಗೂ ತೋರಿಸಿದ. ಅಜ್ಜಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಕೇಳಿದರು: "ಇದು ಯಾವತ್ತ ಬಂದಿತ್ತೋ ಯಪ್ಪಾ? ನಮ್ಮ ಹೊಲದ ಮ್ಯಾಲ ಹಾಯಲೇ ಇಲ್ಲಲ್ಲ?"

ತಮ್ಮನಿಗೆ ಮಾತು ಹೊರಡಲಿಲ್ಲ. ಆ ಮೋಡ ಕೊಡಚಾದ್ರಿಯದು. ಎರಡು ವಾರ ಮೊದಲು ಅಲ್ಲಿ ತೆಗೆದದ್ದನ್ನು ತಂದು ನಮ್ಮೂರ ಆಕಾಶಕ್ಕೆ ಕೂಡಿಸಿದ್ದ. ಅಜ್ಜಿಯ ಮನೆಯವರು ಆ ವರ್ಷ ಬಿತ್ತಿದ ಹೆಸರು ಅರ್ಧಕ್ಕೇ ಒಣಗಿತ್ತು.

ಅಂದಿನಿಂದ ಈ ಪತ್ರ ನನ್ನ ಮನಸ್ಸಿನಲ್ಲಿತ್ತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಈ ಸೀಮೆಯಲ್ಲಿ ನಲವತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು. ಒಳ್ಳೆಯ ಚಿತ್ರಕ್ಕಾಗಿ ಜೀವ ಎಷ್ಟು ಹಂಬಲಿಸುತ್ತದೆ ಎಂಬುದು ನನಗೆ ಗೊತ್ತು. ಆದರೆ ಅಜ್ಜಿ ಕೇಳಿದ ಪ್ರಶ್ನೆಗೆ ನಾವೆಲ್ಲ, ಕ್ಯಾಮೆರಾ ಹಿಡಿದವರೆಲ್ಲ, ಉತ್ತರ ಕೊಡಬೇಕಾಗಿದೆ. ಮೋಡ ನಮ್ಮಲ್ಲಿ ಬರೀ ನೋಟದ ವಸ್ತುವಲ್ಲ. ಬಿತ್ತಿದವರ ಮನೆಯಲ್ಲಿ ಅದು ಒಂದು ವರ್ಷದ ಅನ್ನ. ಅದರ ಚಿತ್ರ ತೆಗೆಯುವವನ ಮೇಲೆ ಒಂದು ಹೊಣೆ ಇದೆ.

ಪ್ರತಿ ವರ್ಷ ಆಷಾಢ ಬಂತೆಂದರೆ ನೀವು ಗುಂಪು ಕಟ್ಟಿಕೊಂಡು ರಾತ್ರಿಯ ಬಸ್ಸು ಹತ್ತುತ್ತೀರಿ. ಮುಳ್ಳಯ್ಯನಗಿರಿ, ಕುದುರೆಮುಖ, ಕೊಡಚಾದ್ರಿ, ಆಗುಂಬೆ. ಹೋಗಬೇಡಿ ಎಂದು ನಾನು ಹೇಳುವವನಲ್ಲ. ನಾನೂ ಹೋದವನೇ. ಮೊದಲ ಸಲ ಕಣಕುಂಬಿಯ ಕಾಡಿನಲ್ಲಿ ನಿಂತಾಗ ಎದುರಿನ ಮರ ಕಣ್ಣೆದುರೇ ಕರಗಿ ಹೋಯಿತು. ಒಂದು ಗಳಿಗೆಗೆ ಮತ್ತೆ ಹುಟ್ಟಿಬಂತು. ನಮ್ಮ ಎರೆಹೊಲದಲ್ಲಿ ಹತ್ತು ಮೈಲು ದೂರದ ಬೇವಿನ ಮರವೂ ಸ್ಪಷ್ಟವಾಗಿ ಕಾಣುತ್ತದೆ. ಅಂಥ ಬಯಲಲ್ಲಿ ಬೆಳೆದ ಕಣ್ಣಿಗೆ, ಹತ್ತು ಮಾರು ಆಚೆಗೆ ಜಗತ್ತೇ ಇಲ್ಲ ಎನ್ನುವುದು ಎಂಥ ಬೆರಗು! ಅಂದು ಮೂರು ರೋಲು ಫಿಲ್ಮು ಮುಗಿಸಿದೆ. ತೊಳೆದು ನೋಡಿದರೆ ಮೂರರಲ್ಲೂ ಬೂದಿಬಣ್ಣದ ಹಾಳೆ. ಮಂಜನ್ನು ಕಂಡಿದ್ದೆ, ಅದು ಏನೆಂದು ತಿಳಿದಿರಲಿಲ್ಲ.

ತಿಳಿಯದೆ ತೆಗೆಯಲಾಗುವುದಿಲ್ಲ. ಆದ್ದರಿಂದ ಮೊದಲು ಅದನ್ನು ತಿಳಿಯೋಣ.

ಮಳೆಗಾಲದಲ್ಲಿ ಮುಳ್ಳಯ್ಯನಗಿರಿಯ ಮೇಲೆ ನೀವು ಮಂಜು ಎಂದು ತೆಗೆಯುವುದು ನಿಜದಲ್ಲಿ ಮೋಡವೇ. ಸಮುದ್ರದ ಮೇಲಿಂದ ಬಂದ ತೇವದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಬೇಕಾಗುತ್ತದೆ. ಏರಿದಂತೆ ಗಾಳಿ ತಣ್ಣಗಾಗುತ್ತದೆ, ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ. ಒಂದು ಎತ್ತರಕ್ಕೆ ಬಂದಾಗ ಅದರೊಳಗಿನ ಆವಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಒಂದೊಂದು ಹನಿಯೂ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಕೆಳಗೆ ನಿಂತವನಿಗೆ ಅದು ಮೋಡ, 1,930 ಮೀಟರ್ ಎತ್ತರದ ಶಿಖರದಲ್ಲಿ ನಿಂತವನಿಗೆ ಅದೇ ಮಂಜು. ಒಂದು ಕಿಲೋಮೀಟರಿಗಿಂತ ಹತ್ತಿರದ ವಸ್ತುವೂ ಕಾಣದಂತಾದರೆ ಹವಾಮಾನದವರು ಅದನ್ನು ಮಂಜೆಂದು ಲೆಕ್ಕ ಹಾಕುತ್ತಾರೆ.

ನಮ್ಮಲ್ಲೇಕೆ ಹಾಗೆ ಮೋಡ ಗುಡ್ಡಕ್ಕೆ ಇಳಿಯುವುದಿಲ್ಲ? ಇದಕ್ಕೆ ಸರಳ ಲೆಕ್ಕವೊಂದಿದೆ. ಗಾಳಿಯ ಉಷ್ಣತೆಗೂ ಇಬ್ಬನಿ ಕಟ್ಟುವ ಉಷ್ಣತೆಗೂ ಇರುವ ಅಂತರವನ್ನು ನೋಡಿ. ಒಂದೊಂದು ಡಿಗ್ರಿ ಅಂತರಕ್ಕೆ ಮೋಡದ ತಳ ಸುಮಾರು 125 ಮೀಟರ್ ಮೇಲಿರುತ್ತದೆ. ಬಾದಾಮಿಯಲ್ಲಿ ಒಂದು ಆಷಾಢದ ಮಧ್ಯಾಹ್ನ ಗಾಳಿ 28 ಡಿಗ್ರಿ, ಇಬ್ಬನಿಯ ಬಿಂದು 22 ಡಿಗ್ರಿ ಎಂದಿಟ್ಟುಕೊಳ್ಳಿ. ಮೋಡದ ತಳ ನೆಲದಿಂದ 750 ಮೀಟರ್ ಎತ್ತರದಲ್ಲಿ. ನಮ್ಮ ಕೆಂಪುಗುಡ್ಡಗಳೋ ಊರಿನ ಮೇಲೆ ನೂರಿನ್ನೂರು ಮೀಟರ್ ಎದ್ದು ನಿಂತವು. ಮೋಡ ತಲೆಯ ಮೇಲೆ ಹಾದು ಹೋಗುತ್ತದೆ, ಕೈಗೆ ಸಿಗುವುದಿಲ್ಲ. ಅದೂ ಅಲ್ಲದೆ, ಘಟ್ಟದ ಆ ಮೈಯಲ್ಲೇ ನೀರನ್ನು ಸುರಿದು ಬಂದ ಗಾಳಿ ಈ ಕಡೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ನಮ್ಮ ಜಿಲ್ಲೆಯಲ್ಲಿ 600ರ ಆಸುಪಾಸು. ಮಳೆನೆರಳಿನ ನಾಡು ಎಂದು ಶಾಲೆಯಲ್ಲಿ ಓದಿದ್ದೀರಿ. ಅದರ ಅರ್ಥ ಇಷ್ಟೇ: ನಾವು ಮೋಡವನ್ನು ನೋಡುವವರು, ಅವರು ಮೋಡದೊಳಗೆ ಇರುವವರು.

ಆದರೂ ಆ ಮೋಡಕ್ಕೂ ನಮಗೂ ಸಂಬಂಧ ಕಡಿದಿಲ್ಲ. ನೀವು ದಾರಿಯಲ್ಲಿ ಬಿಟ್ಟು ಹೋಗುವ ಚಿತ್ರ ಇಲ್ಲೇ ಇದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಭೀಮಗಡದ ಕಾಡಿನ ಆಸುಪಾಸಿನಲ್ಲಿ, ಮಲಪ್ರಭೆ ಹುಟ್ಟುತ್ತಾಳೆ. ಬೆಳಗಾವಿ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಮರಗಳ ಎಲೆ, ಪಾಚಿ, ಬಳ್ಳಿಗಳು ಹಾಯುವ ಮೋಡವನ್ನು ತಡೆದು ಹನಿ ಹಿಂಡುತ್ತವೆ. ಮಳೆ ನಿಂತ ಮೇಲೂ ಕಾಡಿನೊಳಗೆ ಟಪಟಪ ಸದ್ದು ನಿಲ್ಲದಿರುವುದು ಅದಕ್ಕೇ. ಆ ಹನಿ ಝರಿಯಾಗಿ, ಹಳ್ಳವಾಗಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗ ದಾಟಿ ನಮ್ಮ ಸೀಮೆಗೆ ಬರುತ್ತದೆ. ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ, ಐಹೊಳೆಯ ಮಗ್ಗುಲಲ್ಲಿ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 2009ರ ಅಕ್ಟೋಬರಿನಲ್ಲೂ 2019ರ ಆಗಸ್ಟಿನಲ್ಲೂ ಇದೇ ಹೊಳೆ ಉಕ್ಕಿ ನಮ್ಮ ಹಳ್ಳಿಗಳನ್ನು ನುಂಗಿತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ನಡುವೆ ನೀರು ನಿಂತದ್ದನ್ನು ನಿಮ್ಮಲ್ಲಿ ಹಲವರು ಫೋಟೊ ತೆಗೆದಿದ್ದೀರಿ. ಆ ಸಲ ಪಟ್ಟದಕಲ್ಲಿನಲ್ಲಿ ಅಷ್ಟು ನೀರು ಸುರಿದಿರಲಿಲ್ಲ. ಮಳೆ ಹೊಯ್ದದ್ದು ಘಟ್ಟದ ಮೇಲೆ.

ಕಣಕುಂಬಿಯ ಕಾಡಿನಲ್ಲಿ ಎಲೆಯ ತುದಿಗೆ ತೂಗುವ ಹನಿಯಿಂದ ಹಿಡಿದು ಕೂಡಲಸಂಗಮದ ಹೊಳೆಯವರೆಗೆ ಒಂದೇ ಮೋಡವನ್ನು ಹಿಂಬಾಲಿಸಿ ಚಿತ್ರಮಾಲೆ ಮಾಡಿ. ಅದು ನಿಮ್ಮದೇ ಕೆಲಸ. ಮಲೆನಾಡಿನವರಿಗೆ ಹೊಳೆಯ ಕೊನೆ ಗೊತ್ತಿಲ್ಲ, ಬೆಂಗಳೂರಿನಿಂದ ಬಂದವರಿಗೆ ಹೊಳೆಯೇ ಗೊತ್ತಿಲ್ಲ. ಎರಡನ್ನೂ ಬಲ್ಲವರು ನೀವು.

ಇನ್ನು ಕಡ ತಂದ ಮೋಡದ ಮಾತಿಗೆ ಬರುತ್ತೇನೆ.

ನಮ್ಮ ಸೀಮೆಯ ಮೊದಲ ಫೋಟೊಗಳು ಯಾವುವು ಗೊತ್ತೇ? 1855ರಲ್ಲಿ ಬೊಂಬಾಯಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಛಾಯಾಗ್ರಹಣಕ್ಕೆ ನೇಮಿಸಿತು. ಅವನು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಬಂದು ಚಿತ್ರ ತೆಗೆದ. ಅವನ ನಂತರ ಡಾಕ್ಟರ್ ಪಿಗೋ ಆ ಕೆಲಸವನ್ನು ಮುಂದುವರಿಸಿದ. 1866ರಲ್ಲಿ ಅವರ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಪುಸ್ತಕವಾಗಿ ಅಚ್ಚಾದವು. ಆ ಕಾಲದ ಚಿತ್ರಗಳಲ್ಲಿ ಗುಡಿಯ ಒಂದೊಂದು ಕಲ್ಲೂ ಎಣಿಸಬಹುದು. ಆದರೆ ಆಕಾಶ ಬೋಳು. ಆಗಿನ ರಾಸಾಯನಿಕಗಳು ನೀಲಿ ಬೆಳಕಿಗೆ ಬಹುಬೇಗ ಕಪ್ಪಾಗುತ್ತಿದ್ದವು. ಕಲ್ಲು ಮೂಡುವಷ್ಟರಲ್ಲಿ ಆಕಾಶ ಉರಿದು ಹೋಗಿ, ಅಚ್ಚಿನಲ್ಲಿ ಬಿಳಿ ಹಾಳೆಯಾಗಿ ಉಳಿಯುತ್ತಿತ್ತು. ಅವರು ನಿಂತ ದಿನ ನಮ್ಮ ಗುಡ್ಡಗಳ ಮೇಲೆ ಯಾವ ಮೋಡ ಹಾಯುತ್ತಿತ್ತು ಎಂಬುದು ಯಾರಿಗೂ ಎಂದಿಗೂ ತಿಳಿಯುವುದಿಲ್ಲ.

ಇದೇ ತೊಡಕು ಎಲ್ಲರಿಗೂ ಇತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ, ಬಿಗ್ಸ್ ಇಲ್ಲಿಗೆ ಬಂದ ದಶಕದಲ್ಲೇ, ಸಮುದ್ರಕ್ಕೊಂದು, ಆಕಾಶಕ್ಕೊಂದು ಬೇರೆ ಬೇರೆ ನೆಗೆಟಿವ್ ತೆಗೆದು ಎರಡನ್ನೂ ಒಂದೇ ಹಾಳೆಯ ಮೇಲೆ ಅಚ್ಚು ಹಾಕಿದ. ಹಾಗಾದರೆ ನಾವು ಮಾಡಿದರೇನು ತಪ್ಪು ಎಂದು ನೀವು ಕೇಳಬಹುದು. ಅವನ ಕೈಯಲ್ಲಿದ್ದ ಗಾಜಿನ ಫಲಕಕ್ಕೆ ಕೆಳಗಿನ ನೋಟವನ್ನೂ ಮೇಲಿನ ಮೋಡವನ್ನೂ ಒಂದೇ ಸಲಕ್ಕೆ ಹಿಡಿಯುವ ಶಕ್ತಿ ಇರಲಿಲ್ಲ. ನಿಮ್ಮ ಕೈಯಲ್ಲಿರುವ ಹತ್ತು ಸಾವಿರ ರೂಪಾಯಿಯ ಮೊಬೈಲಿಗೂ ಆ ಶಕ್ತಿ ಇದೆ. ನಿಮಗೆ ಬೇಕಾದದ್ದು ಕಾಯುವ ತಾಳ್ಮೆ ಮಾತ್ರ.

ನಾನು ಬಣ್ಣದ ಮೋಡವನ್ನು ಬೈಯುವವನಲ್ಲ. ಬನಶಂಕರಿ ಜಾತ್ರೆಯಲ್ಲಿ ಬೆಳೆದವನು ನಾನು. ಬನದ ಹುಣ್ಣಿಮೆಯ ತೇರಾದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ತಂಬು ತುಂಬಿ ತುಳುಕುತ್ತದೆ. ಚಿಕ್ಕವನಿದ್ದಾಗ ಕಾಡಿನ ಪರದೆ ಸರ್ರನೆ ಇಳಿಯುವುದನ್ನು ಕಾಯುತ್ತ ಕೂಡುತ್ತಿದ್ದೆ. ಹಸುರು ಬೆಟ್ಟ, ಜಲಪಾತ, ನೀಲಿ ಮೋಡ. ಜಾತ್ರೆಯ ಫೋಟೊ ಅಂಗಡಿಯ ಪರದೆಯಲ್ಲೂ ಅದೇ ಬೆಟ್ಟ, ಅದೇ ಮೋಡ. ಅದರ ಮುಂದೆ ಹೊಸದಾಗಿ ಮದುವೆಯಾದ ಜೋಡಿಗಳನ್ನು ನಿಲ್ಲಿಸಿ ನಾನೇ ನೂರಾರು ಚಿತ್ರ ತೆಗೆದಿದ್ದೇನೆ. ಪರದೆ ತಾನು ಪರದೆಯೆಂದು ಎಲ್ಲರಿಗೂ ಹೇಳುತ್ತಿತ್ತು. ಅದರ ಮುಂದೆ ನಿಂತವರಿಗೂ ನೋಡಿದವರಿಗೂ ಅದು ಸಂತೋಷದ ಆಟ. ನೀವು ಕೂಡಿಸುವ ಮೋಡ ತಾನು ನಿಜವೆಂದು ಹೇಳುತ್ತದೆ. ಅಜ್ಜಿಯಂಥವರು ನಂಬುತ್ತಾರೆ. ಬರ ಬಿದ್ದ ಊರಿನ ಮೇಲೆ ಇಲ್ಲದ ಮೋಡ ತೋರಿಸುವುದು ಹಸಿದವರ ಮುಂದೆ ಖಾಲಿ ತಾಟು ಬಡಿಸಿದಂತೆ. ಹೆಚ್ಚೇನು ಹೇಳಲಿ, ಅದು ತಪ್ಪು.

"ನಮ್ಮ ಊರಾಗ ಏನೈತ್ರಿ ಕಾಕಾ, ಬರೀ ಕಲ್ಲು, ಬಿಸಿಲು" ಎಂದು ನಿಮ್ಮಲ್ಲಿ ಕೆಲವರು ನನ್ನೆದುರೇ ಹೇಳಿದ್ದೀರಿ. ಏನೇನಿದೆ ಎಂದು ಒಂದಿಷ್ಟು ಹೇಳುತ್ತೇನೆ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಗೆ ಬನ್ನಿ. ಒಣಗಿದಾಗ ಮಸುಕು ಕೆಂಪಾಗಿರುವ ಮರಳುಗಲ್ಲು ತೊಯ್ದಾಗ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಪಶ್ಚಿಮದಲ್ಲಿ ಮೋಡ ಒಂದಿಷ್ಟು ಸೀಳಿ ಬಿಸಿಲು ಬಿದ್ದರೆ ಗುಡ್ಡವೇ ಕೆಂಡವಾಗುತ್ತದೆ, ಹಿಂದಿನ ಆಕಾಶ ಇನ್ನೂ ಕಾಡಿಗೆಗಪ್ಪು. ಭೂತನಾಥ ಗುಡಿಯ ಕಡೆಯ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಜೋಡಿಯಾಗಿ ಧುಮುಕುತ್ತದೆ. ಅದರ ಆಯುಷ್ಯ ಕೆಲವು ತಾಸು. ಮಲೆನಾಡಿನ ಜಲಪಾತ ನಾಲ್ಕು ತಿಂಗಳು ನಿಮಗಾಗಿ ಕಾಯುತ್ತದೆ, ಇದು ಕಾಯುವುದಿಲ್ಲ. ಮಳೆ ಬರುವಾಗ ಊರಲ್ಲಿದ್ದವನಿಗೆ ಮಾತ್ರ ಇದು ಸಿಗುತ್ತದೆ.

ಪಟ್ಟದಕಲ್ಲಿನ ಹಾದಿಯ ಹುಲಿಗೆಮ್ಮನ ಕೊಳ್ಳಕ್ಕೆ ಹೋಗಿ. ಬಂಡೆಯ ಚಾಚಿನ ಕೆಳಗೆ ಚಾಲುಕ್ಯರ ಕಾಲದ ಪುಟ್ಟ ಗುಡಿಗಳು ಸಾಲಾಗಿ ನಿಂತಿವೆ. ಮೇಲಿನಿಂದ ನೀರು ಬೀಳುವಾಗ ಗಾಳಿಗೆ ಎದ್ದ ತುಂತುರು ಅವುಗಳ ಶಿಖರಗಳನ್ನು ಮುಸುಕುತ್ತದೆ. ನಮ್ಮ ಸೀಮೆಯ ಮಂಜು ಅದು. ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲೂ ಹಾಗೆಯೇ. ಮಹಾಕೂಟದ ಕಾಡುದಾರಿಯಲ್ಲಿ ಆಷಾಢದ ಬೆಳಗು ಮೋಡದ ನೆರಳುಗಳು ಗುಡ್ಡದಿಂದ ಗುಡ್ಡಕ್ಕೆ ಜಿಗಿಯುತ್ತವೆ. ಮೋಡವನ್ನೇ ತೆಗೆಯಬೇಕೆಂದಿಲ್ಲ, ಅದರ ನೆರಳನ್ನು ತೆಗೆಯಿರಿ.

ಇನ್ನು ನಿಜವಾದ ಮಂಜು ಬೇಕೆಂದರೆ ಪುಷ್ಯ ಮಾಸದ ನಸುಕಿನಲ್ಲಿ ಬನಶಂಕರಿಗೆ ಬನ್ನಿ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಗಾಳಿ ನಿಂತಿದ್ದರೆ ತಗ್ಗಿನಲ್ಲಿ, ನೀರಿನ ಮಗ್ಗುಲಲ್ಲಿ ಮಂಜು ಹುಟ್ಟುತ್ತದೆ. ಹಳ್ಳದ ಮೇಲೆ, ತೆಂಗು-ಬಾಳೆ-ಎಲೆಬಳ್ಳಿಯ ತೋಟಗಳ ನಡುವೆ ಮೊಣಕಾಲೆತ್ತರಕ್ಕೆ ಹರಡಿಕೊಂಡಿರುತ್ತದೆ. ಅದರೊಳಗಿಂದ ಪಾದಯಾತ್ರೆಯ ಜನ ಒಬ್ಬೊಬ್ಬರಾಗಿ ಮೂಡಿ ಬರುತ್ತಾರೆ. ಸೂರ್ಯ ಒಂದು ಮಾರು ಏರಿದರೆ ಎಲ್ಲ ಮಾಯ. ಶಿವಯೋಗಮಂದಿರದ ಬಳಿ ಮಲಪ್ರಭೆಯ ದಂಡೆಯಲ್ಲೂ ಇದನ್ನು ಕಾಣಬಹುದು.

ಅದೇ ಹೊತ್ತಿಗೆ ಹಿಂಗಾರಿ ಹೊಲದಲ್ಲಿ ಕಡಲೆ ಗಿಡದ ಮೇಲೆ ಇಬ್ಬನಿ ಕೂತಿರುತ್ತದೆ. ಎಲೆಯ ಹುಳಿ ಅದರಲ್ಲಿ ಕರಗಿರುತ್ತದೆ. ರಾತ್ರಿ ಬಿಳಿ ಅರಿವೆ ಹಾಸಿ ಬೆಳಿಗ್ಗೆ ಹಿಂಡಿ ಕಡಲೆ ಹುಳಿ ಸಂಗ್ರಹಿಸುವ ಮನೆಗಳು ಇನ್ನೂ ಇವೆ. ಆ ಅರಿವೆ ಹಿಂಡುವ ಕೈಗಳ ಚಿತ್ರವನ್ನು ನಾನು ಇಲ್ಲಿಯವರೆಗೆ ನಿಮ್ಮ ಯಾರಲ್ಲೂ ಕಂಡಿಲ್ಲ. ಇನ್ನೊಂದು ಮಾತು: ತೊಗರಿ ಹೂಬಿಟ್ಟಾಗ ಮಂಜು ಬಿದ್ದರೆ ಹೂವುದುರುತ್ತದೆಂದು ರೈತ ಕಂಗಾಲಾಗುತ್ತಾನೆ. ನಿಮಗೆ ಚೆಲುವಾದದ್ದು ಅವನಿಗೆ ನಷ್ಟ. ಮಂಜು ಕವಿದ ತೊಗರಿ ಹೊಲದ ಚಿತ್ರ ತೆಗೆದವನು ಬದುವಿನ ಮೇಲೆ ನಿಂತ ಆ ರೈತನನ್ನು ಮಾತಾಡಿಸದೆ ಬಂದರೆ ಅರ್ಧ ಚಿತ್ರ ತೆಗೆದಂತೆ.

ಮೋಡ ಮುಟ್ಟುವ ಕಾಡುಬೆಟ್ಟವೇ ಬೇಕೆಂದರೂ ಘಟ್ಟದವರೆಗೆ ಹೋಗಬೇಕಿಲ್ಲ. ಪಕ್ಕದ ಗದಗ ಜಿಲ್ಲೆಯ ಕಪ್ಪತಗುಡ್ಡ ಇದೆ. ಆಷಾಢ-ಶ್ರಾವಣದ ಬೆಳಗಿನಲ್ಲಿ ಮೋಡ ಅದರ ನೆತ್ತಿಯ ಮೇಲೆ ತೆವಳುತ್ತದೆ. ಔಷಧಿ ಸಸ್ಯಗಳ ಆ ಬೆಟ್ಟ ಇಂದು ನಮಗೆ ಉಳಿದಿರುವುದು ಜನರಿಂದ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಆದೇಶವನ್ನು ಹಿಂಪಡೆದಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಘೋಷಣೆ ಮರಳಿ ಬಂತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲಿ ನೀವು ತೆಗೆಯುವ ಪ್ರತಿ ಮೋಡದ ಚಿತ್ರದಲ್ಲೂ ಆ ಹೋರಾಟದ ಋಣವಿದೆ.

ಈಗ ಕಸುಬಿನ ನಾಲ್ಕು ಮಾತು. ಮಂಜಿನಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ. ಅದರ ಮೀಟರು ಎಲ್ಲವನ್ನೂ ನಡುಬೂದಿಯೆಂದು ಎಣಿಸುವುದರಿಂದ ಬೆಳ್ಳಗಿನ ಮಂಜು ಕೊಳೆಯಾಗಿ ಬರುತ್ತದೆ. ನನ್ನ ಮೂರು ರೋಲು ಕೆಟ್ಟದ್ದು ಹಾಗೆಯೇ. ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಿ. ಮಳೆಯ ಕರಿಮೋಡಕ್ಕೆ ಇದರ ತಿರುಗು: ಒಂದಿಷ್ಟು ಇಳಿಸಿ, ಅದರ ಒಳಪದರಗಳು ಉಳಿಯಲಿ. ಮಂಜಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. ಹತ್ತಿರದ ಕೊಂಬೆಯೊಂದರ ಅಂಚಿಗೆ ಕೈಯಿಂದ ಫೋಕಸ್ ಮಾಡಿ. ಬರೀ ಮಂಜು ಚಿತ್ರವಾಗುವುದಿಲ್ಲ. ಎದುರಿಗೊಂದು ಗಟ್ಟಿಯಾದ ವಸ್ತು ಬೇಕು: ಮರ, ಕಂಬ, ಮನುಷ್ಯ. ಅದರ ಹಿಂದೆ ಒಂದೊಂದೇ ಪದರ ಮಸುಕಾಗುತ್ತ ಹೋದಾಗ ಆಳ ಹುಟ್ಟುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಅದು ತಾನಾಗಿ ಮಸುಕನ್ನು ಒರೆಸಿ ಬಣ್ಣ ಏರಿಸುವ ಸೌಲಭ್ಯವನ್ನು ಬಂದ್ ಮಾಡಿ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಬೆವರು ಕೂಡುತ್ತದೆ. ಚೀಲದೊಳಗೇ ಕಾಲು ತಾಸು ಬಿಟ್ಟು, ಹೊರಗಿನ ಹವೆಗೆ ಹೊಂದಿಸಿ ತೆಗೆಯಿರಿ. ಚಾಲುಕ್ಯರ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡಿಗೂ ಡ್ರೋನಿಗೂ ಮೊದಲೇ ಅನುಮತಿ ಪಡೆಯಿರಿ.

ಕಾಡಿಗೆ ಹೋದಾಗಿನ ನಡತೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಅಲ್ಲಿ ನಾವು ಬೀಗರ ಮನೆಗೆ ಹೋದವರು. 2024ರ ಜನವರಿಯ ಒಂದು ವಾರಾಂತ್ಯ ಕುಮಾರಪರ್ವತದ ಹಾದಿಯಲ್ಲಿ ಜನ ಜಾತ್ರೆಯಂತೆ ನೆರೆದ ಚಿತ್ರ ನಾಡೆಲ್ಲ ಹರಡಿತು. ಆಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸುವ ಪದ್ಧತಿ ತಂದಿತು. ಶಿಖರದ ಹುಲ್ಲುಗಾವಲು ನೋಡಲು ಬರೀ ಹುಲ್ಲು. ಅದರ ಬೇರು ಮಳೆನೀರನ್ನು ಹಿಡಿದಿಟ್ಟು ಕಣಿವೆಯ ಕಾಡಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಇನ್ನೊಂದು ಕೋನಕ್ಕಾಗಿ ಹಾದಿ ಬಿಟ್ಟು ತುಳಿದರೆ ಆ ಜಾಗದಲ್ಲಿ ಮಣ್ಣು ಕೊರೆದು ಹೋಗುತ್ತದೆ. ಹಾದಿ ಬಿಡಬೇಡಿ. ಮಂಜು ಕವಿದಾಗ ಬಂಡೆಯ ಅಂಚು ಎಲ್ಲಿದೆಯೆಂದು ಕಾಣುವುದಿಲ್ಲ, ಪಾಚಿ ಕಾಲು ಹಿಡಿಯುವುದಿಲ್ಲ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಜಾರಿಬಿದ್ದು ತೀರಿಕೊಂಡ. ನಿಮ್ಮ ಮನೆಯಲ್ಲಿ ಅವ್ವ ಬಾಗಿಲು ನೋಡುತ್ತ ಕೂತಿರುತ್ತಾಳೆ. ಅದನ್ನು ಮರೆಯಬೇಡಿ.

ಮನೆಯ ಮೇಲಿನ ಆಕಾಶವೇ ಸಾಕೆಂದು ನಂಬಿ ದುಡಿದವರಿದ್ದಾರೆ. ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ದೊಡ್ಡ ಹೆಸರು ಮಾಡಿದ ಮೇಲೆ, 1922ರಿಂದ ವರ್ಷಗಟ್ಟಲೆ, ಜಾರ್ಜ್ ಸರೋವರದ ದಂಡೆಯ ತನ್ನ ಕುಟುಂಬದ ಮನೆಯಲ್ಲಿ ನಿಂತು ತಲೆಯ ಮೇಲಿನ ಮೋಡಗಳನ್ನೇ ತೆಗೆದ. ಛಾಯಾಗ್ರಹಣದ ಚರಿತ್ರೆಯಲ್ಲಿ ಆ ಸಣ್ಣ ಚಿತ್ರಗಳಿಗೆ ದೊಡ್ಡ ಜಾಗವಿದೆ. ಲಂಡನ್ನಿನ ಲ್ಯೂಕ್ ಹೊವರ್ಡ್ 1802ರಲ್ಲಿ ಮೋಡಗಳ ಆಕಾರ ನೋಡಿ ಅವುಗಳಿಗೆ ಹೆಸರು ಕೊಟ್ಟ; ಜಗತ್ತು ಇಂದಿಗೂ ಅವನ ಹೆಸರುಗಳನ್ನೇ ಬಳಸುತ್ತದೆ. ನಮ್ಮ ಹಿರಿಯರು ಮೋಡದ ಆಕಾರಕ್ಕಿಂತ ಅದು ಬರುವ ಕಾಲಕ್ಕೆ ಹೆಸರಿಟ್ಟರು. ರೋಹಿಣಿ, ಮಿರಗ, ಆರಿದ್ರಾ, ಪುಷ್ಯ, ಮಗಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ. ಯಾವ ಮಳೆ ಬಂದರೆ ಯಾವ ಬಿತ್ತಿಗೆ, ಯಾವುದು ತಪ್ಪಿದರೆ ಏನು ಗತಿ ಎಂಬುದೆಲ್ಲ ಆ ಹೆಸರುಗಳಲ್ಲಿತ್ತು. ಮಳೆ ಬಾರದಿದ್ದಾಗ ಹಂಚಿನ ಮೇಲೆ ಗುರ್ಜಿಯನ್ನಿಟ್ಟು ತಲೆಮೇಲೆ ಹೊತ್ತು ಮನೆಮನೆಗೆ ಬಂದ ಮಕ್ಕಳ ಮೇಲೆ ನಮ್ಮ ಅವ್ವಂದಿರು ಕೊಡದ ಕೊನೆಯ ನೀರು ಸುರಿದರು. ಅಷ್ಟು ಕಾತರದಿಂದ ಮೋಡವನ್ನು ನೋಡಿದ ಜನರ ಮಕ್ಕಳು ನೀವು.

ನಮ್ಮ ದೇವಿಯ ಕಥೆಯೂ ಅದನ್ನೇ ಹೇಳುತ್ತದೆ. ನೂರು ವರ್ಷ ಮಳೆಯಿಲ್ಲದೆ ಲೋಕ ಒಣಗಿದಾಗ ದೇವಿ ನೂರು ಕಣ್ಣುಗಳಿಂದ ಜನರನ್ನು ನೋಡಿದಳು, ಶತಾಕ್ಷಿಯೆನಿಸಿದಳು. ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದುಕೊಟ್ಟು ಶಾಕಂಭರಿಯಾದಳು. ಬನಶಂಕರಿಯ ಪಲ್ಯದ ಹಬ್ಬದಲ್ಲಿ ಇಂದಿಗೂ 108 ಬಗೆಯ ಪಲ್ಯ ಅವಳಿಗೆ ನೈವೇದ್ಯವಾಗುತ್ತದೆ. ಮೊದಲು ನೋಡಿದಳು, ಮನಸ್ಸು ಕರಗಿತು, ಆಮೇಲೆ ಕೊಟ್ಟಳು. ಕಣ್ಣನ್ನೇ ಕಸುಬು ಮಾಡಿಕೊಂಡ ನಮಗೆ ಇದಕ್ಕಿಂತ ದೊಡ್ಡ ಪಾಠ ನಾನು ಬೇರೆಲ್ಲೂ ಓದಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಬರುವ ಮುಂಗಾರಿಗೆ ನಿಮ್ಮ ನಿಮ್ಮ ಊರಲ್ಲಿ ಒಂದೊಂದು ಜಾಗ ಆರಿಸಿಕೊಳ್ಳಿ. ಹರಿದ್ರಾತೀರ್ಥದ ಮೆಟ್ಟಿಲು, ಬಾದಾಮಿಯ ಉತ್ತರದ ಕೋಟೆಗುಡ್ಡ, ಗುಳೇದಗುಡ್ಡದ ಬಂಡೆ, ಇಳಕಲ್ಲಿನ ನಿಮ್ಮ ಮನೆಯ ಮಾಳಿಗೆ, ಹುನಗುಂದದ ಹೊಲದ ಬದು, ಯಾವುದಾದರೂ ಸರಿ. ಜೂನ್ ಮೊದಲ ವಾರ ಮುಗಿದು ಮಿರಗ ಕೂಡಿದ ದಿನದಿಂದ ಅಕ್ಟೋಬರಿನಲ್ಲಿ ಚಿತ್ತಿ ಮಳೆ ಮುಗಿಯುವವರೆಗೆ, ದಿನಾ ಒಂದೇ ಹೊತ್ತಿಗೆ, ಒಂದೇ ಕಡೆ ಮುಖ ಮಾಡಿ ಒಂದು ಚಿತ್ರ ತೆಗೆಯಿರಿ. ಬರೀ ಬಿಳಿ ಆಕಾಶವಿದ್ದ ದಿನವೂ ತಪ್ಪಿಸಬೇಡಿ; ಮೋಡ ಬಾರದ ದಿನವೂ ನಮ್ಮ ಚರಿತ್ರೆಯೇ. ಪ್ರತಿ ಚಿತ್ರದ ಕೆಳಗೆ ಊರು, ತಾರೀಖು, ತಾಸು, ಗಾಳಿಯ ದಿಕ್ಕು, ಯಾವ ಮಳೆ, ಹನಿ ಬಿತ್ತೋ ಇಲ್ಲವೋ ಎಂದು ಬರೆದಿಡಿ. ಏನನ್ನೂ ಕೂಡಿಸಬೇಡಿ, ಏನನ್ನೂ ಅಳಿಸಬೇಡಿ.

ಸುಮಾರು ನೂರನಲವತ್ತು ಚಿತ್ರಗಳಾಗುತ್ತವೆ. ಮುಂದಿನ ಬನದ ಹುಣ್ಣಿಮೆಯ ಜಾತ್ರೆಗೆ ಅವುಗಳನ್ನು ತನ್ನಿ. ಹೊಂಡದ ಸುತ್ತಲಿನ ಯಾವುದಾದರೂ ನೆರಳಲ್ಲಿ ಹಗ್ಗ ಕಟ್ಟಿ ಸಾಲಾಗಿ ತೂಗುಹಾಕೋಣ. ಅಚ್ಚು ಹಾಕಿಸುವ ಖರ್ಚು ನನಗಿರಲಿ. ಆ ಅಜ್ಜಿಯನ್ನು ನಾನೇ ಕೈಹಿಡಿದು ಕರೆತರುತ್ತೇನೆ. ಒಂದೊಂದು ಚಿತ್ರದ ಮುಂದೆ ನಿಂತು ಅವರು ಕೇಳುತ್ತಾರೆ, ಇದು ಯಾವತ್ತು ಬಂದಿತ್ತೆಂದು. ಆ ದಿನ ನಿಮ್ಮ ಹತ್ತಿರ ಉತ್ತರ ಇರಲಿ.

ನಿಮ್ಮ ಹಿರಿಯ ಬಂಧು,
ಬನಶಂಕರಿ ಸೀಮೆಯ ಒಬ್ಬ ಛಾಯಾಗ್ರಾಹಕ